ಸವೆದ ಬೆಳ್ಳಿಯ ಸಾಕ್ಷ್ಯ: ಮನೆಯಲ್ಲಿ ತಯಾರಿಸುವ ಕಲಿಲ ಬೆಳ್ಳಿಯ ಸಾರತೆಯನ್ನು ಕುರಿತ ಒಂದು ವಿಮರ್ಶೆ

೧

ದಾನಶಾಸನವೊಂದು ದೊರೆತಾಗ ಅದರಲ್ಲಿ ಏನು ಬರೆದಿದೆಯೆಂಬುದರ ಜೊತೆಗೆ, ಅದು ಯಾವ ಮಾತಿಗೆ ಸಾಕ್ಷಿಯಾಗಬಲ್ಲದು, ಯಾವ ಮಾತಿಗೆ ಆಗಲಾರದು ಎಂಬುದನ್ನೂ ವಿಚಾರಿಸಬೇಕೆಂಬುದು ಇತಿಹಾಸದ ವಿದ್ಯಾರ್ಥಿಗೆ ಹೇಳಿಕೊಡುವ ಮೊದಲ ಪಾಠಗಳಲ್ಲಿ ಒಂದು. ಅರಸನು ಭೂಮಿಯನ್ನು ಕೊಟ್ಟನೆಂಬುದಕ್ಕೆ ಶಾಸನವು ಸಾಕ್ಷಿ. ಪಡೆದವನ ಮೊಮ್ಮಕ್ಕಳು ಆ ಭೂಮಿಯ ಫಲವನ್ನು ಉಂಡರೆಂಬುದಕ್ಕೆ ಬೇರೆ ಸಾಕ್ಷ್ಯ ಬೇಕು. ಕೊಟ್ಟುದಕ್ಕೂ ಮುಟ್ಟಿದುದಕ್ಕೂ ನಡುವೆ ಇರುವ ಈ ಅಂತರವನ್ನು ಮರೆತಲ್ಲಿ ತಪ್ಪು ನಿರ್ಣಯಗಳು ಹುಟ್ಟುತ್ತವೆ. ಇಲ್ಲಿ ನಾವು ಪರಿಶೀಲಿಸಹೊರಟಿರುವ ವಿಷಯವು ಮೇಲುನೋಟಕ್ಕೆ ರಸಾಯನಶಾಸ್ತ್ರಕ್ಕೆ ಸೇರಿದುದಾಗಿ ಕಂಡರೂ ಅದರ ತಿರುಳು ಇದೇ ಸಾಕ್ಷ್ಯವಿಚಾರವಾಗಿರುವುದರಿಂದ, ಇತಿಹಾಸ ವಿಭಾಗದ ಈ ಸಂಚಿಕೆಯಲ್ಲಿ ಅದಕ್ಕೆ ಎಡೆಯುಂಟೆಂದು ಭಾವಿಸುತ್ತೇವೆ.

ಬಟ್ಟಿ ಇಳಿಸಿದ ನೀರಿನಲ್ಲಿ ಎರಡು ಬೆಳ್ಳಿಯ ತಂತಿಗಳನ್ನು ಇಳಿಬಿಟ್ಟು, ಬ್ಯಾಟರಿಯಿಂದ ವಿದ್ಯುತ್ತನ್ನು ಹರಿಸಿ, ಆ ನೀರನ್ನು ‘ಕಲಿಲ ಬೆಳ್ಳಿ’ಯೆಂಬ ಹೆಸರಿನಿಂದ ಔಷಧವಾಗಿ ಕುಡಿಯುವ ಪದ್ಧತಿಯು ೧೯೯೦ರ ದಶಕದಿಂದೀಚೆಗೆ ಅಮೆರಿಕಾದಲ್ಲಿ ವಿಶೇಷವಾಗಿ ಹಬ್ಬಿತು. ಕಲಿಲವೆಂದರೆ ಒಂದು ವಸ್ತುವಿನ ಅತಿಸೂಕ್ಷ್ಮ ಕಣಗಳು ಕರಗದೆಯೂ ತಳಕ್ಕಿಳಿಯದೆಯೂ ಮತ್ತೊಂದು ವಸ್ತುವಿನಲ್ಲಿ ಹರಡಿಕೊಂಡಿರುವ ಸ್ಥಿತಿ. ಹಾಲು ಅದಕ್ಕೆ ಎಲ್ಲರೂ ಬಲ್ಲ ಉದಾಹರಣೆ. ಈ ನೀರನ್ನು ಮನೆಯಲ್ಲಿಯೇ ತಯಾರಿಸುವ ವಿಧಾನವನ್ನು ವಿವರಿಸುವ ಕೈಪಿಡಿಗಳು ಅನೇಕವಾಗಿವೆ. ತಯಾರಾದ ನೀರಿನ ಸಾರತೆ ಎಷ್ಟು, ಎಂದರೆ ಒಂದು ಲೀಟರಿನಲ್ಲಿ ಎಷ್ಟು ಮಿಲಿಗ್ರಾಮು ಬೆಳ್ಳಿಯಿದೆ, ಎಂಬ ಪ್ರಶ್ನೆಗೆ ಅವು ಕೊಡುವ ಉತ್ತರ ಸಾಮಾನ್ಯವಾಗಿ ಎರಡು ಬಗೆಯದು: ತಂತಿಯು ಎಷ್ಟು ಸವೆದಿದೆಯೆಂದು ತೂಗಿ ನೋಡಿರಿ, ಇಲ್ಲವೆ ಎಷ್ಟು ವಿದ್ಯುತ್ತು ಎಷ್ಟು ಹೊತ್ತು ಹರಿಯಿತೆಂದು ಲೆಕ್ಕ ಹಾಕಿರಿ. ಈ ಉತ್ತರಗಳನ್ನೂ ಅವುಗಳಿಗೆ ಬೆಂಬಲವಾಗಿ ತರುವ ಇತಿಹಾಸವನ್ನೂ ವಿಮರ್ಶಿಸುವುದು ಪ್ರಸ್ತುತ ಲೇಖನದ ಉದ್ದೇಶ. ಸವೆದ ತಂತಿಯು ಬೆಳ್ಳಿ ತನ್ನನ್ನು ಬಿಟ್ಟು ಹೋಯಿತೆಂಬುದಕ್ಕೆ ಮಾತ್ರ ಸಾಕ್ಷಿ. ಆ ಬೆಳ್ಳಿ ಎಲ್ಲಿಗೆ ಹೋಯಿತು, ಯಾವ ರೂಪವನ್ನು ತಾಳಿತು, ಕುಡಿದವನಿಗೆ ಏನು ಮಾಡಿತು ಎಂಬ ಮೂರು ಪ್ರಶ್ನೆಗಳಿಗೆ ಅದು ಮೂಕವಾಗಿದೆಯೆಂಬುದೇ ನಮ್ಮ ವಾದ.

೨

ಮೊದಲು ಈ ಕೈಪಿಡಿಗಳಿಗೆ ಸಲ್ಲತಕ್ಕ ಮನ್ನಣೆಯನ್ನು ಸಲ್ಲಿಸೋಣ. ಅವುಗಳಲ್ಲಿ ಎಚ್ಚರಿಕೆಯಿಂದ ಬರೆದವು ತಮ್ಮ ಲೆಕ್ಕವನ್ನು ಮೈಕೇಲ್ ಫ್ಯಾರಡೆಯ ನಿಯಮದ ಮೇಲೆ ನಿಲ್ಲಿಸುತ್ತವೆ. ಆ ನಿಯಮವು ನಿರ್ವಿವಾದವಾದುದು. ವಿದ್ಯುದ್ವಿಶ್ಲೇಷಣೆಯಲ್ಲಿ ಬಿಡುಗಡೆಯಾಗುವ ವಸ್ತುವಿನ ತೂಕವು ಹರಿದ ವಿದ್ಯುತ್ತಿನ ಪರಿಮಾಣಕ್ಕೆ ಅನುಗುಣವಾಗಿರುತ್ತದೆಂದು ಫ್ಯಾರಡೆಯು ೧೮೩೦ರ ದಶಕದ ಆದಿಭಾಗದಲ್ಲಿ ಸಿದ್ಧಪಡಿಸಿದನು. ಬೆಳ್ಳಿಯ ವಿಷಯದಲ್ಲಿ ಒಂದು ಕೂಲಂಬು ವಿದ್ಯುತ್ತಿಗೆ ೧.೧೧೮ ಮಿಲಿಗ್ರಾಮು ಬೆಳ್ಳಿ ಸಮನಾಗುತ್ತದೆ. ಒಂದು ಮಿಲಿಆಂಪಿಯರು ವಿದ್ಯುತ್ತು ಒಂದು ಗಂಟೆಯ ಕಾಲ ಹರಿದರೆ ಅದು ೩.೬ ಕೂಲಂಬು, ಆದಕಾರಣ ಧನಾಗ್ರದಿಂದ, ಎಂದರೆ ಬ್ಯಾಟರಿಯ ಧನಧ್ರುವಕ್ಕೆ ಸೇರಿದ ತಂತಿಯಿಂದ, ಸುಮಾರು ೪ ಮಿಲಿಗ್ರಾಮು ಬೆಳ್ಳಿ ಹೊರಡಬೇಕು. ಕಾಲು ಲೀಟರು ನೀರಿನಲ್ಲಿ ಲೀಟರಿಗೆ ೧೦ ಮಿಲಿಗ್ರಾಮಿನ ಸಾರತೆ ಬರಬೇಕಾದರೆ ೨.೫ ಮಿಲಿಗ್ರಾಮು ಬೆಳ್ಳಿ ಸಾಕು. ಅದಕ್ಕೆ ಮೇಲ್ಕಂಡ ವಿದ್ಯುತ್ತು ಸುಮಾರು ೩೭ ನಿಮಿಷ ಹರಿದರೆ ಆಯಿತು. ಲೆಕ್ಕವೆಂಬ ದೃಷ್ಟಿಯಿಂದ ಇದರಲ್ಲಿ ದೋಷವಿಲ್ಲ.

ಆದರೆ ಇದು ಹೆಚ್ಚೆಂದರೆ ಒಂದು ಮೇಲ್ಮಿತಿ. ಹರಿದ ವಿದ್ಯುತ್ತೆಲ್ಲವೂ ಬೆಳ್ಳಿಯನ್ನು ಬಿಡಿಸುವುದಕ್ಕೇ ವ್ಯಯವಾಯಿತು, ಬಿಡುಗಡೆಯಾದ ಬೆಳ್ಳಿಯೆಲ್ಲವೂ ನೀರಿನಲ್ಲೇ ಉಳಿಯಿತು ಎಂಬ ಎರಡು ಊಹೆಗಳನ್ನು ಒಪ್ಪಿಕೊಂಡಲ್ಲಿ ಮಾತ್ರ ಅದು ಸಾರತೆಯ ಅಳತೆಯಾಗುತ್ತದೆ. ಈ ಊಹೆಗಳನ್ನು ಒಪ್ಪಬಹುದೇ ಎಂಬುದನ್ನು ನಿರ್ಣಯಿಸುವುದಕ್ಕೆ, ಬೆಳ್ಳಿಯ ವಿದ್ಯುದಗ್ರಗಳನ್ನು ತೂಗುವ ಕೆಲಸವನ್ನು ಅತ್ಯಂತ ಶ್ರದ್ಧೆಯಿಂದ ನಡೆಸಿದವರ ಇತಿಹಾಸವು ನಮಗೆ ಸಹಾಯಕವಾಗಿದೆ.

೩

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಆಂಪಿಯರು ಎಂಬ ಮಾನವನ್ನೇ ಬೆಳ್ಳಿಯ ತೂಕದ ಮೂಲಕ ನಿರೂಪಿಸಬೇಕೆಂಬ ಪ್ರಯತ್ನ ನಡೆಯಿತು. ಇಂಗ್ಲೆಂಡಿನಲ್ಲಿ ಲಾರ್ಡ್ ರ್‍ಯಾಲಿಯೂ ಶ್ರೀಮತಿ ಸಿಜ್ವಿಕ್ಕರೂ ೧೮೮೪ರಲ್ಲಿ ಪ್ರಕಟಿಸಿದ ಅಳತೆಯ ಪ್ರಕಾರ ಒಂದು ಕೂಲಂಬಿಗೆ ೧.೧೧೭೯೪ ಮಿಲಿಗ್ರಾಮು ಬೆಳ್ಳಿ. ೧೮೯೩ರಲ್ಲಿ ಷಿಕಾಗೋ ನಗರದಲ್ಲಿ ಸೇರಿದ ವಿದ್ಯುಚ್ಛಾಸ್ತ್ರಜ್ಞರ ಸಮ್ಮೇಳನವೂ, ೧೯೦೮ರಲ್ಲಿ ಲಂಡನ್ನಿನಲ್ಲಿ ಸೇರಿದ ಸಮ್ಮೇಳನವೂ ಇದೇ ಮಾರ್ಗವನ್ನು ಹಿಡಿದು, ಸಿಲ್ವರ್ ನೈಟ್ರೇಟಿನ ದ್ರಾವಣದಿಂದ ಒಂದು ಸೆಕೆಂಡಿಗೆ ೦.೦೦೧೧೧೮ ಗ್ರಾಮು ಬೆಳ್ಳಿಯನ್ನು ಕೂಡಿಸುವ ಪ್ರವಾಹವೇ ಅಂತರರಾಷ್ಟ್ರೀಯ ಆಂಪಿಯರು ಎಂದು ಗೊತ್ತುಮಾಡಿದವು. ೧೯೪೮ರವರೆಗೆ ಈ ನಿರೂಪಣೆ ಬಳಕೆಯಲ್ಲಿತ್ತು. ಲೋಕದ ವಿದ್ಯುತ್ತಿನ ಅಳತೆಯೇ ಬೆಳ್ಳಿಯ ತೂಕದ ಮೇಲೆ ನಿಂತಿದ್ದ ಕಾಲವೊಂದಿತ್ತೆಂದ ಮೇಲೆ, ಮನೆಯಲ್ಲಿ ಬೆಳ್ಳಿಯ ತಂತಿಯನ್ನು ತೂಗಿದರೆ ತಪ್ಪೇನು ಎಂದು ವಾಚಕರು ಕೇಳಬಹುದು.

ಇಲ್ಲಿಯೇ ಗಮನಿಸತಕ್ಕ ಅಂಶವಿದೆ. ಬೆಳ್ಳಿಯ ವೋಲ್ಟಾಮೀಟರು ಎಂದು ಕರೆಯುತ್ತಿದ್ದ ಆ ಉಪಕರಣದಲ್ಲಿ ವಿದ್ವಾಂಸರು ತೂಗುತ್ತಿದ್ದುದು ಸವೆಯುವ ಧನಾಗ್ರವನ್ನಲ್ಲ. ಬೆಳ್ಳಿ ಬಂದು ಕೂಡುವ ಋಣಾಗ್ರವನ್ನು, ಎಂದರೆ ಪ್ಲಾಟಿನಮ್ಮಿನ ಬಟ್ಟಲನ್ನು. ಧನಾಗ್ರವನ್ನು ಅವರು ನಂಬಲಿಲ್ಲ. ಪ್ರವಾಹ ಹರಿಯುವಾಗ ಧನಾಗ್ರದ ಬೆಳ್ಳಿಯಲ್ಲಿ ಒಂದು ಭಾಗವು ಕರಗದೆ ಪುಡಿಪುಡಿಯಾಗಿ ಉದುರುತ್ತದೆಂಬುದು ಅವರಿಗೆ ಗೊತ್ತಿತ್ತು. ಆದಕಾರಣವೇ ಆ ಕಾಲದ ವಿಧಿನಿರೂಪಣೆಗಳಲ್ಲಿ ಧನಾಗ್ರವನ್ನು ಶುದ್ಧವಾದ ಸೋಸುಕಾಗದದಿಂದ ಸುತ್ತಬೇಕು, ಉದುರಿದ ಬೆಳ್ಳಿಯು ಋಣಾಗ್ರದ ಮೇಲೆ ಬೀಳದಂತೆ ತಡೆಯಬೇಕು ಎಂಬ ಸೂಚನೆಯಿತ್ತು. ಅಮೆರಿಕಾದ ಹಾರ್ವರ್ಡಿನಲ್ಲಿ ಥಿಯೊಡೋರ್ ರಿಚರ್ಡ್ಸನು, ೧೯೧೪ರ ನೊಬೆಲ್ ಪಾರಿತೋಷಕವನ್ನು ಪಡೆದಾತನು, ಕಾಗದದಿಂದಲೂ ತೃಪ್ತನಾಗದೆ ಧನಾಗ್ರವನ್ನು ಸೂಕ್ಷ್ಮರಂಧ್ರಗಳುಳ್ಳ ಬಟ್ಟಲೊಂದರಲ್ಲಿ ಇರಿಸಿ, ಅಲ್ಲಿಯ ದ್ರವವೂ ಋಣಾಗ್ರವನ್ನು ಮುಟ್ಟದಂತೆ ಏರ್ಪಡಿಸಿದನು.

ಮನೆಯ ಉಪಕರಣದಲ್ಲಿ ಈ ವ್ಯವಸ್ಥೆಯೆಲ್ಲವೂ ತಲೆಕೆಳಗಾಗಿದೆ. ಅಲ್ಲಿ ಬೆಳ್ಳಿಯಿಂದ ವಿದ್ಯುತ್ತನ್ನು ಅಳೆಯುತ್ತಿದ್ದರು. ಇಲ್ಲಿ ವಿದ್ಯುತ್ತಿನಿಂದ ಬೆಳ್ಳಿಯನ್ನು ಅಳೆಯುತ್ತಾರೆ. ಅಲ್ಲಿ ದ್ರಾವಣದ ತುಂಬ ಬೆಳ್ಳಿಯ ಲವಣವಿದ್ದು, ಋಣಾಗ್ರದಲ್ಲಿ ಬೆಳ್ಳಿಯ ಹೊರತು ಮತ್ತೇನೂ ಬಿಡುಗಡೆಯಾಗಲು ಅವಕಾಶವಿರಲಿಲ್ಲ. ಇಲ್ಲಿರುವುದು ಬರಿಯ ನೀರಾದುದರಿಂದ ಋಣಾಗ್ರದಲ್ಲಿ ಮುಖ್ಯವಾಗಿ ಜಲಜನಕ ಏಳುತ್ತದೆ, ಧನಾಗ್ರದಲ್ಲಿ ಆಮ್ಲಜನಕಕ್ಕೂ ಸ್ವಲ್ಪ ಪಾಲು ಹೋಗಬಹುದು. ಅವರು ನಂಬಲಾರದೆ ಕಾಗದದಲ್ಲಿ ಸುತ್ತಿಟ್ಟ ಧನಾಗ್ರವೇ ಇಲ್ಲಿ ಏಕೈಕ ಸಾಕ್ಷಿಯಾಗಿ ಕಟಕಟೆಯೇರಿದೆ. ಫ್ಯಾರಡೆಯ ಹೆಸರನ್ನು ಹೇಳುವ ಕೈಪಿಡಿಗಳು ಆತನ ನಿಯಮವನ್ನು ಬಳಸಿದವರ ಎಚ್ಚರಿಕೆಯನ್ನು ಹೇಳದೆ ಬಿಟ್ಟಿರುವುದು ಅವುಗಳ ಮೊದಲನೆಯ ಲೋಪ.

೪

ಈಗ ಸವೆತದ ವಿಚಾರಕ್ಕೆ ಬರೋಣ. ೧.೬ ಮಿಲಿಮೀಟರು ದಪ್ಪದ ೧೦ ಸೆಂಟಿಮೀಟರು ಉದ್ದದ ಬೆಳ್ಳಿಯ ತಂತಿಯ ತೂಕ ಸುಮಾರು ೨.೧ ಗ್ರಾಮು. ಮೇಲೆ ಹೇಳಿದ ಕಾಲು ಲೀಟರಿನ ತಯಾರಿಕೆಯಲ್ಲಿ ಅದು ಕಳೆದುಕೊಳ್ಳತಕ್ಕದ್ದು ೨.೫ ಮಿಲಿಗ್ರಾಮು, ಎಂದರೆ ಸಾವಿರಕ್ಕೆ ಸುಮಾರು ಒಂದು ಪಾಲು. ೧೦ ಮಿಲಿಗ್ರಾಮಿನವರೆಗೆ ತೋರಿಸುವ ಚಿಕ್ಕ ತಕ್ಕಡಿಗೆ ಈ ವ್ಯತ್ಯಾಸ ಕಾಣಿಸುವುದೇ ಇಲ್ಲ. ಅಂತಹ ತಕ್ಕಡಿಯಿಂದ ನೂರಕ್ಕೆ ಹತ್ತರ ಮಟ್ಟಿನ ನಿಷ್ಕರ್ಷೆಯಾದರೂ ಬೇಕೆಂದರೆ ೧೦೦ ಮಿಲಿಗ್ರಾಮು ಸವೆಯುವವರೆಗೆ, ಎಂದರೆ ೪೦ ಸಲ ನೀರು ತಯಾರಿಸುವವರೆಗೆ, ಕಾಯಬೇಕು. ಆಗ ದೊರೆಯುವುದು ೪೦ ತಯಾರಿಕೆಗಳ ಸರಾಸರಿ. ಅವುಗಳಲ್ಲಿ ಒಂದು ತೀರ ನೀರಾಗಿಯೂ ಮತ್ತೊಂದು ನಾಲ್ಕು ಪಟ್ಟು ಗಟ್ಟಿಯಾಗಿಯೂ ಇದ್ದಿರಬಹುದು. ಸರಾಸರಿಯು ಅದನ್ನು ಮರೆಮಾಡುತ್ತದೆ. ಒಂದು ರಾಜ್ಯದ ೪೦ ವರ್ಷಗಳ ಕಂದಾಯವನ್ನು ಒಟ್ಟುಗೂಡಿಸಿ ಭಾಗಿಸಿದರೆ ಅದರೊಳಗಿನ ಬರಗಾಲದ ವರ್ಷವು ಕಾಣದೆ ಹೋಗುವುದೂ ಇದೇ ರೀತಿ. ಕುಡಿಯುವವನಿಗಾದರೋ ಅಂದಂದಿನ ಬಟ್ಟಲೇ ಮುಖ್ಯ, ಸರಾಸರಿಯಲ್ಲ.

ಇಂತಹ ಏರಿಳಿತವು ಬರಿಯ ಊಹೆಯಲ್ಲ. ಅದು ಈ ಉಪಕರಣದ ಸ್ವಭಾವದಲ್ಲಿಯೇ ಇದೆ. ಒಂಬತ್ತು ವೋಲ್ಟಿನ ಮೂರು ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿ ೨೭ ವೋಲ್ಟನ್ನು ಒದಗಿಸುವುದು ಕೈಪಿಡಿಗಳಲ್ಲಿ ಕಾಣುವ ಸಾಮಾನ್ಯ ಏರ್ಪಾಡು. ಬಟ್ಟಿ ಇಳಿಸಿದ ನೀರು ಮೊದಲು ವಿದ್ಯುತ್ತನ್ನು ಬಹು ಅಲ್ಪವಾಗಿ ಹರಿಯಗೊಡುತ್ತದೆ. ಬೆಳ್ಳಿಯ ಅಯಾನುಗಳು ಸೇರಿದಂತೆ ನೀರಿನ ವಿದ್ಯುದ್ವಾಹಕತೆ ಹೆಚ್ಚುತ್ತದೆ. ವಾಹಕತೆ ಹೆಚ್ಚಿದಂತೆ ಪ್ರವಾಹ ಹೆಚ್ಚುತ್ತದೆ. ಪ್ರವಾಹ ಹೆಚ್ಚಿದಂತೆ ಬೆಳ್ಳಿ ಇನ್ನೂ ಬೇಗ ಸವೆಯುತ್ತದೆ. ಪ್ರವಾಹವನ್ನು ಕಟ್ಟಿಹಾಕುವ ಸಾಧನವಿಲ್ಲದಲ್ಲಿ ಕೊನೆಯ ಹತ್ತು ನಿಮಿಷಗಳಲ್ಲಿ ಹೊರಡುವ ಬೆಳ್ಳಿಯು ಮೊದಲ ಹತ್ತು ನಿಮಿಷಗಳದ್ದಕ್ಕಿಂತ ಬಹಳ ಹೆಚ್ಚಾಗಿರುತ್ತದೆ. ನೀರಿನ ಬಿಸಿ, ತಂತಿಗಳ ನಡುವಣ ದೂರ, ಮುಳುಗಿರುವ ಉದ್ದ, ಬ್ಯಾಟರಿಯ ವಯಸ್ಸು ಇವೆಲ್ಲವೂ ಈ ಓಟವನ್ನು ಬದಲಾಯಿಸುತ್ತವೆ. ಆದಕಾರಣ ‘ಇಷ್ಟು ನಿಮಿಷ ನಡೆಸಿದರೆ ಇಷ್ಟು ಸಾರತೆ’ ಎಂದು ಕೋಷ್ಟಕ ಹಾಕಿ ಕೊಡುವ ಕೈಪಿಡಿಯನ್ನು ನಂಬುವುದಕ್ಕೆ ಆಧಾರವಿಲ್ಲ. ಪ್ರವಾಹವನ್ನು ಸ್ಥಿರವಾಗಿಟ್ಟು ಅಳೆಯಿರೆಂದು ಹೇಳುವ ಕೈಪಿಡಿಗಳು ಇವಕ್ಕಿಂತ ಉತ್ತಮವೆಂಬುದನ್ನು ಒಪ್ಪಬೇಕು. ಆದರೆ ಅವೂ ಸಹ ಬೆಳ್ಳಿ ತಂತಿಯಿಂದ ಹೊರಟುದನ್ನಷ್ಟೇ ಅಳೆಯುತ್ತವೆ.

ಹೊರಟ ಬೆಳ್ಳಿ ಎಲ್ಲಿಗೆ ಹೋಗುತ್ತದೆ? ಒಂದು ಪಾಲು ಎದುರಿನ ಋಣಾಗ್ರಕ್ಕೆ ಹೋಗಿ ಅಲ್ಲಿ ಮತ್ತೆ ಲೋಹವಾಗಿ ಕೂಡುತ್ತದೆ. ತಂತಿಯ ಮೇಲೆ ಬೆಳೆಯುವ ಬೂದುಬಣ್ಣದ ನವುರಾದ ಎಳೆಗಳು ಇದರ ಗುರುತು. ಮತ್ತೊಂದು ಪಾಲು ಋಣಾಗ್ರದಲ್ಲಿ ಹುಟ್ಟಿದ ಕ್ಷಾರದೊಡನೆ ಸೇರಿ ಸಿಲ್ವರ್ ಆಕ್ಸೈಡಾಗುತ್ತದೆ. ಈ ಆಕ್ಸೈಡು ನೀರಿನಲ್ಲಿ ಕರಗುವುದು ಲೀಟರಿಗೆ ಹತ್ತಿಪ್ಪತ್ತು ಮಿಲಿಗ್ರಾಮುಗಳ ಮಟ್ಟದಲ್ಲಿ ಮಾತ್ರ. ಅದನ್ನು ಮೀರಿದುದು ಕಪ್ಪುಕಂದಿನ ಗಷ್ಟಾಗಿ ತಂತಿಗೂ ತಳಕ್ಕೂ ಹತ್ತುತ್ತದೆ. ಇನ್ನೊಂದು ಪಾಲು ಪಾತ್ರೆಯ ಗೋಡೆಗೆ ಅಂಟುತ್ತದೆ. ತಂತಿಯನ್ನು ಆಗಾಗ ಬಟ್ಟೆಯಿಂದ ಒರೆಸಿ ಶುಚಿಮಾಡಬೇಕೆಂದು ಕೈಪಿಡಿಗಳೇ ಹೇಳುತ್ತವೆ; ಒರೆಸಿದ ಬಟ್ಟೆಗೆ ಹತ್ತಿದ ಕಪ್ಪೂ ಬೆಳ್ಳಿಯೇ ಅಲ್ಲವೆ? ತೂಕದ ಲೆಕ್ಕದಲ್ಲಿ ಅದೂ ನೀರಿಗೆ ಹೋದ ಬೆಳ್ಳಿಯೆಂದು ಎಣಿಕೆಯಾಗುತ್ತದೆ. ಧ್ರುವಗಳನ್ನು ಆಗಾಗ ಅದಲುಬದಲು ಮಾಡುವ ಉಪಕರಣಗಳಲ್ಲಿ ಒಂದು ತಂತಿಯ ಸವೆತವು ಇನ್ನೊಂದರ ಬೆಳವಣಿಗೆಯಿಂದ ಬೇರ್ಪಡಿಸಲಾಗದಂತೆ ಬೆರೆತುಹೋಗುವುದರಿಂದ, ಒಂದೇ ತಂತಿಯ ತೂಕವು ಹೇಳುವ ಮಾತು ಇನ್ನೂ ಕಡಿಮೆ.

ತಂತಿಯು ಎಲ್ಲೆಡೆಯೂ ಒಂದೇ ಸಮನೆ ಸವೆಯುವುದೂ ಇಲ್ಲ. ಎದುರು ತಂತಿಯ ಕಡೆಗಿರುವ ಪಾರ್ಶ್ವವೂ ತುದಿಯೂ ಹೆಚ್ಚಾಗಿ ಸವೆಯುತ್ತವೆ. ಹೀಗಿರಲಾಗಿ ದಪ್ಪವನ್ನು ಒಂದು ಕಡೆ ಅಳೆದು ಒಟ್ಟು ನಷ್ಟವನ್ನು ಊಹಿಸುವುದು ತೂಗುವುದಕ್ಕಿಂತಲೂ ದುರ್ಬಲವಾದ ಮಾರ್ಗ.

೫

ಒಂದು ವೇಳೆ ನೀರಿನಲ್ಲಿರುವ ಒಟ್ಟು ಬೆಳ್ಳಿಯನ್ನು ನಿಷ್ಕೃಷ್ಟವಾಗಿ ತಿಳಿದುಕೊಂಡೆವೆನ್ನೋಣ. ಅದನ್ನು ತಿಳಿಯುವ ಕ್ರಮ ಪ್ರಯೋಗಶಾಲೆಗಳಲ್ಲಿ ಉಂಟು. ನೈಟ್ರಿಕ್ ಆಮ್ಲದಿಂದ ಬೆಳ್ಳಿಯನ್ನೆಲ್ಲ ಕರಗಿಸಿ, ಅದರ ಪರಮಾಣುಗಳು ಹೀರುವ ಅಥವಾ ಬೀರುವ ಬೆಳಕನ್ನು ಅಳೆಯುತ್ತಾರೆ. ಆಗಲೂ ಎರಡನೆಯ ಪ್ರಶ್ನೆ ಉಳಿಯುತ್ತದೆ: ಆ ಬೆಳ್ಳಿ ಯಾವ ರೂಪದಲ್ಲಿದೆ? ಕರಗಿದ ಅಯಾನು ಬೇರೆ, ತೇಲುವ ಲೋಹದ ಕಣ ಬೇರೆ. ಕಣವಿದ್ದರೆ ಮಾತ್ರ ಅದು ಕಲಿಲ. ಸಣ್ಣ ವೋಲ್ಟಿನ ವಿದ್ಯುದ್ವಿಶ್ಲೇಷಣೆಯಿಂದ ಹುಟ್ಟುವ ಈ ನೀರಿನಲ್ಲಿ ಬೆಳ್ಳಿಯ ಬಹುಪಾಲು ಅಯಾನುರೂಪದಲ್ಲಿಯೇ ಇರುತ್ತದೆ. ಹಾಗಾದರೆ ‘ಕಲಿಲ ಬೆಳ್ಳಿ’ಯೆಂಬ ಹೆಸರು ವಸ್ತುವಿನ ಹೆಚ್ಚಿನ ಭಾಗಕ್ಕೆ ಸಲ್ಲುವುದೇ ಇಲ್ಲ.

ಮನೆಯಲ್ಲಿ ಬಳಸುವ ಪರೀಕ್ಷೆಗಳು ಈ ಭೇದವನ್ನು ಬಿಡಿಸಿಕೊಡಲಾರವು. ನೀರಿನಲ್ಲಿ ಕರಗಿದ ಲವಣಾಂಶವನ್ನು ತೋರಿಸುವ ಅಗ್ಗದ ಮಾಪಕವು ವಾಸ್ತವವಾಗಿ ಅಳೆಯುವುದು ವಿದ್ಯುದ್ವಾಹಕತೆಯನ್ನು. ಲೋಹದ ಕಣಗಳು ಅದಕ್ಕೆ ಹೆಚ್ಚು ಕಡಿಮೆ ಅಗೋಚರ. ಅಲ್ಲದೆ ಅದರ ಅಂಕಿಗಳನ್ನು ಉಪ್ಪಿನಂತಹ ಲವಣಗಳಿಗೆ ಹೊಂದಿಸಿರುತ್ತಾರೆ, ಬೆಳ್ಳಿಗಲ್ಲ. ಗಾಳಿಯಿಂದ ನೀರಿಗೆ ಸೇರಿದ ಇಂಗಾಲಾಮ್ಲವೂ ಅದಕ್ಕೆ ಲವಣವೆಂದೇ ತೋರುತ್ತದೆ. ನೀರಿನಲ್ಲಿ ಬೆಳಕಿನ ಕಿರಣವನ್ನು ಹಾಯಿಸಿ ಅದರ ಹಾದಿ ಕಾಣುವುದೇ ಎಂದು ನೋಡುವ ಟಿಂಡಲ್ಲನ ಪರೀಕ್ಷೆಯು ಕಣಗಳಿವೆಯೆಂಬುದನ್ನು ಹೇಳುತ್ತದೆ, ಎಷ್ಟಿವೆಯೆಂಬುದನ್ನು ಹೇಳದು. ಬೆಳ್ಳಿಯ ಸೂಕ್ಷ್ಮಕಣಗಳು ನೇರಳೆಯ ಬೆಳಕನ್ನು ಹೀರುವುದರಿಂದ ನೀರಿಗೆ ಹಳದಿಯ ಛಾಯೆ ಬರುವುದುಂಟು; ಕಣದ ಗಾತ್ರ ಬದಲಾದರೆ ಬಣ್ಣವೂ ಬದಲಾಗುವುದರಿಂದ ಬಣ್ಣವೊಂದರಿಂದಲೇ ಸಾರತೆಯನ್ನು ಹೇಳಬರುವುದಿಲ್ಲ. ಪ್ರವಾಹವನ್ನು ಬೇಗ ಹತ್ತಿಸುವುದಕ್ಕಾಗಿ ನೀರಿಗೆ ಚಿಟಿಕೆ ಉಪ್ಪನ್ನು ಹಾಕಬೇಕೆಂದು ಕೆಲವು ಕೈಪಿಡಿಗಳು ಹೇಳಿದ್ದುಂಟು. ಹಾಗೆ ಮಾಡಿದಾಗ ಬರುವ ಬಿಳಿಯ ಮಬ್ಬು ಸಿಲ್ವರ್ ಕ್ಲೋರೈಡು. ಅದನ್ನು ಕಲಿಲವು ಸಿದ್ಧವಾದುದರ ಗುರುತೆಂದು ತಿಳಿದವರು ಬೇರೊಂದು ವಸ್ತುವನ್ನೇ ಕುಡಿದಂತಾಯಿತು.

ಕಣಗಳನ್ನು ಕಾಣುವುದು ಎಷ್ಟು ಕಷ್ಟವಾದ ಕೆಲಸವಾಗಿತ್ತೆಂಬುದಕ್ಕೆ ರಸಾಯನಶಾಸ್ತ್ರದ ಇತಿಹಾಸವೇ ಸಾಕ್ಷಿ. ಫ್ಯಾರಡೆಯು ಚಿನ್ನದ ಕಲಿಲವನ್ನು ಕುರಿತು ೧೮೫೭ರಲ್ಲಿ ಬರೆದನು. ಅದರ ಕಣಗಳ ಇರವನ್ನು ಒಂದೊಂದಾಗಿ ಕಾಣಿಸುವ ಅತಿಸೂಕ್ಷ್ಮದರ್ಶಕವನ್ನು ಸಿಗ್‌ಮಂಡಿಯು ಸೀಡೆನ್‌ಟಾಫ್‌ನೊಡನೆ ಕೂಡಿ ರಚಿಸಿದುದು ಇಪ್ಪತ್ತನೆಯ ಶತಮಾನದ ಆದಿಯಲ್ಲಿ. ಕಲಿಲಗಳ ಮೇಲಣ ಕೆಲಸಕ್ಕಾಗಿ ಸಿಗ್‌ಮಂಡಿಗೆ ೧೯೨೫ರ ನೊಬೆಲ್ ಪಾರಿತೋಷಕ ದೊರೆಯಿತು. ಅಷ್ಟು ಪ್ರಯಾಸದಿಂದ ಸಂಪಾದಿಸಿದ ಜ್ಞಾನವನ್ನು ಒಂದು ಕೈದೀಪದ ಬೆಳಕಿನಲ್ಲಿ ಪಡೆದೆವೆನ್ನುವುದು ಅತಿ ವಿಶ್ವಾಸ.

೬

ಕೈಪಿಡಿಗಳು ಇತಿಹಾಸವನ್ನು ಬಳಸುವ ರೀತಿಯು ನಮ್ಮ ವಿಭಾಗಕ್ಕೆ ಇನ್ನೂ ಹತ್ತಿರವಾದ ವಿಷಯ. ಪರ್ಷಿಯಾದ ದೊರೆ ಸೈರಸನು ಬೆಳ್ಳಿಯ ಪಾತ್ರೆಗಳಲ್ಲಿ ನೀರನ್ನು ಒಯ್ಯುತ್ತಿದ್ದನೆಂಬ ಹೆರೊಡೋಟಸನ ಮಾತು ಬೆಳ್ಳಿಯ ಪ್ರಶಂಸೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಮೂಲವನ್ನು ನೋಡಿದರೆ, ದೊರೆಯು ಖೊಅಸ್ಪೆಸ್ ನದಿಯ ನೀರನ್ನಲ್ಲದೆ ಬೇರೆ ನೀರನ್ನು ಕುಡಿಯುತ್ತಿರಲಿಲ್ಲವೆಂದೂ, ಆ ನೀರನ್ನು ಕುದಿಸಿ ಬೆಳ್ಳಿಯ ಪಾತ್ರೆಗಳಲ್ಲಿ ತುಂಬಿ ಹೇಸರಗತ್ತೆಯ ಬಂಡಿಗಳಲ್ಲಿ ಸಾಗಿಸುತ್ತಿದ್ದರೆಂದೂ ಇದೆ. ಬೆಳ್ಳಿಯು ನೀರನ್ನು ಶುದ್ಧಿಮಾಡುತ್ತದೆಂದು ಅಲ್ಲಿ ಹೇಳಿಲ್ಲ. ಕುದಿಸಿದ ಸಂಗತಿಯನ್ನು ಬಿಟ್ಟು ಪಾತ್ರೆಯ ಸಂಗತಿಯನ್ನು ಮಾತ್ರ ಉಳಿಸಿಕೊಳ್ಳುವುದು ಸಾಕ್ಷ್ಯವನ್ನು ಕತ್ತರಿಸುವುದಲ್ಲದೆ ಬೇರಲ್ಲ.

ಇನ್ನು ಆಧುನಿಕ ವೈದ್ಯದ ಇತಿಹಾಸ. ಲೈಪ್‌ಜಿಗ್ಗಿನ ಕಾರ್ಲ್ ಕ್ರೆಡೆಯು ೧೮೮೦ರ ಸುಮಾರಿನಲ್ಲಿ ನವಜಾತ ಶಿಶುಗಳ ಕಣ್ಣಿಗೆ ನೂರಕ್ಕೆ ೨ರ ಸಿಲ್ವರ್ ನೈಟ್ರೇಟಿನ ಹನಿಯನ್ನು ಹಾಕಿ ಅನೇಕರ ದೃಷ್ಟಿಯನ್ನು ಉಳಿಸಿದನು. ಫಿಲಡೆಲ್ಫಿಯಾದ ಕೇರಿ ಲೀ ೧೮೮೯ರಲ್ಲಿ ರಾಸಾಯನಿಕ ಮಾರ್ಗದಿಂದ ಬೆಳ್ಳಿಯ ಕಲಿಲವನ್ನು ತಯಾರಿಸಿದನು. ಬ್ರೆಡಿಗನು ೧೮೯೮ರಲ್ಲಿ ನೀರಿನೊಳಗೆ ವಿದ್ಯುತ್ ಕಿಡಿಯನ್ನು ಹಾಯಿಸಿ ಲೋಹವನ್ನು ಸಿಡಿಸುವ ವಿಧಾನವನ್ನು ತೋರಿಸಿದನು. ೧೯೦೨ರಲ್ಲಿ ಆಲ್ಬರ್ಟ್ ಬಾರ್ನ್ಸನು ಹರ್ಮನ್ ಹಿಲೆಯೊಡನೆ ‘ಆರ್ಜಿರಾಲ್’ ಎಂಬ ಔಷಧವನ್ನು ಮಾರಾಟಕ್ಕೆ ತಂದು ಅಪಾರ ಐಶ್ವರ್ಯವನ್ನು ಗಳಿಸಿದನು. ಅವನ ಹೆಸರಿನ ಚಿತ್ರಸಂಗ್ರಹ ಆ ಐಶ್ವರ್ಯದ ಫಲ. ಇವೆಲ್ಲವೂ ನಿಜವೇ. ಆದರೆ ಇವುಗಳಲ್ಲಿ ಒಂದಾದರೂ ಮನೆಯ ಬ್ಯಾಟರಿಯ ನೀರಲ್ಲ. ಕ್ರೆಡೆಯದು ಲವಣದ ದ್ರಾವಣ, ಅದೂ ಕಣ್ಣಿಗೆ. ಬ್ರೆಡಿಗನದು ಕಿಡಿಯ ವಿಧಾನ, ವಿದ್ಯುದ್ವಿಶ್ಲೇಷಣೆಯಲ್ಲ. ಆರ್ಜಿರಾಲಿನ ವರ್ಗದ ಔಷಧಗಳಲ್ಲಿ ಬೆಳ್ಳಿಯು ಪ್ರೋಟೀನಿನೊಡನೆ ಕೂಡಿದ್ದು ತೂಕದ ನೂರಕ್ಕೆ ಸುಮಾರು ೨೦ ಭಾಗವಿರುತ್ತಿತ್ತು. ಅದರ ನೂರಕ್ಕೆ ೧೦ರ ದ್ರಾವಣದಲ್ಲಿ ಲೀಟರಿಗೆ ೨೦,೦೦೦ ಮಿಲಿಗ್ರಾಮು ಬೆಳ್ಳಿ. ಲೀಟರಿಗೆ ೧೦ ಮಿಲಿಗ್ರಾಮಿನ ಮನೆಯ ನೀರಿಗೂ ಅದಕ್ಕೂ ಎರಡು ಸಾವಿರ ಪಟ್ಟಿನ ಅಂತರ. ಒಂದೇ ಹೆಸರನ್ನು ಹೊತ್ತ ಮಾತ್ರದಿಂದ ಇಬ್ಬರು ಅರಸರನ್ನು ಒಬ್ಬನೇ ಎಂದೆಣಿಸುವ ತಪ್ಪು ನಮ್ಮ ಶಾಸ್ತ್ರದಲ್ಲಿ ಸುಪರಿಚಿತ. ಇಲ್ಲಿ ನಡೆದಿರುವುದೂ ಅದೇ.

ಇನ್ನೊಂದು ವಾದ ಕಾನೂನಿಗೆ ಸಂಬಂಧಿಸಿದುದು. ಅಮೆರಿಕಾದ ಆಹಾರ ಮತ್ತು ಔಷಧಗಳ ಶಾಸನವು ೧೯೩೮ರಲ್ಲಿ ಜಾರಿಗೆ ಬರುವುದಕ್ಕೆ ಮುಂಚೆಯೇ ಕಲಿಲ ಬೆಳ್ಳಿ ಬಳಕೆಯಲ್ಲಿತ್ತು, ಆದಕಾರಣ ಅದಕ್ಕೆ ಪರೀಕ್ಷೆ ಬೇಕಿಲ್ಲ ಎಂಬುದು ಅದರ ಸಾರಾಂಶ. ಆ ದೇಶದ ಆಹಾರ ಮತ್ತು ಔಷಧ ಆಡಳಿತವು ೧೯೯೯ರ ಆಗಸ್ಟ್ ೧೭ರಂದು ಪ್ರಕಟಿಸಿದ ಅಂತಿಮ ನಿಯಮದಲ್ಲಿ, ವೈದ್ಯರ ಚೀಟಿಯಿಲ್ಲದೆ ಮಾರುವ ಕಲಿಲ ಬೆಳ್ಳಿಯ ಹಾಗೂ ಬೆಳ್ಳಿಯ ಲವಣಗಳ ಔಷಧಗಳನ್ನು ಸುರಕ್ಷಿತವೆಂದಾಗಲಿ ಪರಿಣಾಮಕಾರಿಯೆಂದಾಗಲಿ ಅಂಗೀಕರಿಸಲಾಗದೆಂದು ಸ್ಪಷ್ಟಪಡಿಸಿತು. ೨೦೨೦ರ ಮಾರ್ಚ್ ತಿಂಗಳಿನಲ್ಲಿ, ಕೋವಿಡ್ ಜಾಡ್ಯಕ್ಕೆ ಮದ್ದೆಂದು ಹೇಳಿ ಸರಕುಗಳನ್ನು ಮಾರುತ್ತಿದ್ದವರಿಗೆ ಅದೇ ಆಡಳಿತವು ಕಳುಹಿಸಿದ ಎಚ್ಚರಿಕೆಯ ಪತ್ರಗಳಲ್ಲಿಯೂ ಕಲಿಲ ಬೆಳ್ಳಿಯ ಪ್ರಸ್ತಾಪವಿತ್ತು.

೭

ಇಷ್ಟು ಸೂಕ್ಷ್ಮವಾಗಿ ಬೆಳ್ಳಿಯ ಲೆಕ್ಕವನ್ನು ಕೇಳುವುದೇಕೆ ಎಂದರೆ, ಇದರಲ್ಲಿ ದೇಹದ ಹಾನಿಯ ಪ್ರಶ್ನೆಯಿದೆ. ಬೆಳ್ಳಿಯನ್ನು ದೀರ್ಘಕಾಲ ಸೇವಿಸಿದವರ ಚರ್ಮದಲ್ಲಿ ಅದು ನೆಲೆನಿಂತು, ಛಾಯಾಚಿತ್ರದ ಫಲಕದಲ್ಲಿ ನಡೆಯುವಂತೆ ಬೆಳಕಿನ ಪ್ರಭಾವದಿಂದ ಕಪ್ಪಾಗಿ, ಮೈಯೆಲ್ಲ ನೀಲಿ ಬೆರೆತ ಬೂದುಬಣ್ಣಕ್ಕೆ ತಿರುಗುತ್ತದೆ. ಆರ್ಜಿರಿಯಾ ಎಂದು ಹೆಸರಾದ ಈ ವಿಕಾರವು ಸಾಮಾನ್ಯವಾಗಿ ಜೀವಮಾನವಿಡೀ ಉಳಿಯತಕ್ಕದ್ದು. ಕೈಪಿಡಿಗಳು ಯಾವ ಕಾಲವನ್ನು ಬೆಳ್ಳಿಯ ವೈದ್ಯದ ಸುವರ್ಣಯುಗವೆಂದು ಕೊಂಡಾಡುತ್ತವೆಯೋ ಅದೇ ಕಾಲದ ವೈದ್ಯರು ಇದನ್ನು ದಾಖಲಿಸಿಟ್ಟಿದ್ದಾರೆ. ಗಾಲ್ ಮತ್ತು ಸ್ಟಾಡ್ ಎಂಬುವರು ೧೯೩೫ರಲ್ಲಿ, ಬೆಳ್ಳಿಯ ಔಷಧಗಳಿಂದ ಮೈಬಣ್ಣ ಕೆಟ್ಟ ೭೦ ರೋಗಿಗಳ ವಿವರವನ್ನು ಅಮೆರಿಕಾದ 
ವೈದ್ಯಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದರು. ಹಿಲ್ ಮತ್ತು ಪಿಲ್ಸ್‌ಬರಿ ೧೯೩೯ರಲ್ಲಿ ಈ ವಿಕಾರವನ್ನು ಕುರಿತು ಒಂದು ಇಡಿಯ ಗ್ರಂಥವನ್ನೇ ಬರೆದರು. ಈ ದಾಖಲೆಗಳನ್ನು ಬಿಟ್ಟು ಪ್ರಶಂಸೆಗಳನ್ನು ಮಾತ್ರ ಉದ್ಧರಿಸುವುದು ಪಕ್ಷಪಾತದ ಇತಿಹಾಸ.

ಮನೆಯ ನೀರಿನಿಂದಲೇ ಹೀಗಾದ ಪ್ರಸಿದ್ಧ ಉದಾಹರಣೆಯೂ ಇದೆ. ೨೦೦೨ರಲ್ಲಿ ಮೊಂಟಾನಾ ರಾಜ್ಯದಿಂದ ಅಮೆರಿಕಾದ ಸೆನೆಟ್ಟಿಗೆ ಲಿಬರ್ಟೇರಿಯನ್ ಪಕ್ಷದ ಪರವಾಗಿ ಸ್ಪರ್ಧಿಸಿದ ಸ್ಟ್ಯಾನ್ ಜೋನ್ಸರು, ೨೦೦೦ದ ಇಸವಿ ಬಂದೊಡನೆ ಗಣಕಯಂತ್ರಗಳು ಕೆಟ್ಟು ಔಷಧಗಳ ಅಭಾವ ಉಂಟಾದೀತೆಂಬ ಭೀತಿಯಿಂದ ೧೯೯೯ರಲ್ಲಿ ತಾವೇ ಈ ನೀರನ್ನು ತಯಾರಿಸಿ ಕುಡಿಯಲಾರಂಭಿಸಿದ್ದರು. ಅವರ ಮೈಬಣ್ಣ ಬದಲಾದುದು ಅಂದಿನ ವೃತ್ತಪತ್ರಿಕೆಗಳಲ್ಲೆಲ್ಲ ಸುದ್ದಿಯಾಯಿತು.

ಸಾರತೆಯ ಅನಿಶ್ಚಯವು ಇಲ್ಲಿ ಹೇಗೆ ಪರಿಣಮಿಸುತ್ತದೆಂಬುದನ್ನು ಒಂದು ಲೆಕ್ಕದಿಂದ ನೋಡೋಣ. ಈ ಚರ್ಮವಿಕಾರವನ್ನು ಗಮನದಲ್ಲಿಟ್ಟು ಅಮೆರಿಕಾದ ಪರಿಸರ ಸಂರಕ್ಷಣಾ ಸಂಸ್ಥೆಯು ಗೊತ್ತುಮಾಡಿದ ಮಿತಿಯು ದಿನವೊಂದಕ್ಕೆ ದೇಹದ ತೂಕದ ಪ್ರತಿಯೊಂದು ಕಿಲೋಗ್ರಾಮಿಗೆ ೦.೦೦೫ ಮಿಲಿಗ್ರಾಮು. ೬೦ ಕಿಲೋಗ್ರಾಮು ತೂಕದವರಿಗೆ ಇದು ೦.೩ ಮಿಲಿಗ್ರಾಮು. ನೀರಿನ ಸಾರತೆ ಲೀಟರಿಗೆ ೧೦ ಮಿಲಿಗ್ರಾಮು ಆಗಿದ್ದರೆ ೩೦ ಮಿಲಿಲೀಟರಿನಲ್ಲಿಯೇ ಆ ಮಿತಿ ಮುಟ್ಟುತ್ತದೆ. ಸಾರತೆಯು ತಿಳಿಯದೆಯೇ ೪೦ಕ್ಕೆ ಏರಿದ್ದರೆ ಏಳೂವರೆ ಮಿಲಿಲೀಟರು, ಎಂದರೆ ಒಂದೂವರೆ ಟೀಚಮಚ ಸಾಕು. ದಿನದಿನವೂ ಬಟ್ಟಲುಗಟ್ಟಲೆ ಕುಡಿಯುವವನಿಗೆ ತನ್ನ ಲೆಕ್ಕದಲ್ಲಿ ನಾಲ್ಕು ಪಟ್ಟಿನ ತಪ್ಪಿದೆಯೋ ಇಲ್ಲವೋ ಎಂಬುದು ತಂತಿಯ ತೂಕದಿಂದ ತಿಳಿಯುವಂತಿಲ್ಲ. ಮೇಲಾಗಿ ಇದು ಹಾನಿಯ ಮಿತಿಯೇ ಹೊರತು ಪ್ರಯೋಜನದ ಪ್ರಮಾಣವಲ್ಲ. ಇಷ್ಟು ಕುಡಿದರೆ ಇಂತಹ ರೋಗ ವಾಸಿಯಾಗುತ್ತದೆಂಬುದಕ್ಕೆ ಕ್ರಮಬದ್ಧವಾದ ಪರೀಕ್ಷೆಗಳ ಆಧಾರವಿಲ್ಲ.

ಬೆಳ್ಳಿಯ ಅಯಾನುಗಳು ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತವೆಯಲ್ಲವೆ ಎಂಬ ಆಕ್ಷೇಪಕ್ಕೆ ಉತ್ತರ ಹೇಳಬೇಕು. ಗಾಜಿನ ಪಾತ್ರೆಯೊಳಗೆ ಕೊಲ್ಲುತ್ತವೆ. ೧೯೬೮ರಲ್ಲಿ ಚಾರ್ಲ್ಸ್ ಫಾಕ್ಸನು ಪರಿಚಯಿಸಿದ ಸಿಲ್ವರ್ ಸಲ್ಫಾಡಯಜೀನ್ ಮುಲಾಮು ಸುಟ್ಟಗಾಯಗಳಿಗೆ ವ್ಯಾಪಕವಾಗಿ ಬಳಕೆಗೆ ಬಂದಿತು. ಆದರೆ ಗಾಯದ ಮೇಲೆ ಹಚ್ಚುವುದು ಬೇರೆ, ನುಂಗುವುದು ಬೇರೆ. ಜಠರದಲ್ಲಿರುವ ಹೈಡ್ರೊಕ್ಲೋರಿಕ್ ಆಮ್ಲದಲ್ಲಿ ಬೆಳ್ಳಿಯ ಅಯಾನು ಕ್ಲೋರೈಡಾಗಿ ಮಾರ್ಪಡುತ್ತದೆ. ಪಾತ್ರೆಯೊಳಗಿನ ಪರೀಕ್ಷೆಯ ಫಲವನ್ನು ದೇಹದೊಳಗಿನ ಫಲವೆಂದು ಹೇಳುವುದು ಮೂರನೆಯ ಅಂತರವನ್ನು ಹಾರುವುದಾಗುತ್ತದೆ.

೮

ಮೇಲಿನ ವಿವೇಚನೆಯಿಂದ ನಮಗೆ ತೋರುವುದಿಷ್ಟು. ತಂತಿಯ ಸವೆತವನ್ನೂ ವಿದ್ಯುತ್ತಿನ ಪರಿಮಾಣವನ್ನೂ ಅಳೆಯುವುದು ವ್ಯರ್ಥವಲ್ಲ. ನೀರಿನಲ್ಲಿ ಇದಕ್ಕಿಂತ ಹೆಚ್ಚು ಬೆಳ್ಳಿ ಕರಗಿರಲಾರದೆಂಬ ಮೇಲ್ಮಿತಿಯನ್ನು ಅದು ಕೊಡಬಲ್ಲದು. ಆ ಮೇಲ್ಮಿತಿಯೂ ಪ್ರವಾಹವನ್ನು ಆದ್ಯಂತವಾಗಿ ಅಳೆದಲ್ಲಿ ಮಾತ್ರ ನಂಬತಕ್ಕದ್ದು. ತಂತಿಯಿಂದ ನೀರಿಗೆ, ನೀರಿನಲ್ಲಿ ಅಯಾನಿನಿಂದ ಕಣಕ್ಕೆ, ನೀರಿನಿಂದ ದೇಹಕ್ಕೆ ಎಂಬ ಮೂರು ಹೆಜ್ಜೆಗಳಲ್ಲಿ ಒಂದೊಂದಕ್ಕೂ ಬೇರೆ ಬೇರೆ ಪ್ರಮಾಣ ಬೇಕು. ಕೈಪಿಡಿಗಳು ಮೊದಲ ಹೆಜ್ಜೆಯ ಅಂಕಿಯನ್ನು ಹಿಡಿದು ಮೂರನ್ನೂ ದಾಟಿದಂತೆ ಬರೆಯುತ್ತವೆ. ದಶಾಂಶ ಚಿಹ್ನೆಯ ಮುಂದೆ ಎರಡು ಸ್ಥಾನಗಳವರೆಗೆ ಬರೆದ ಅಂಕಿಯು ಓದುಗರಲ್ಲಿ ಹುಟ್ಟಿಸುವ ಭರವಸೆಯೇ ಇಲ್ಲಿನ ಅಪಾಯ.

ನಮ್ಮ ಕಾಲೇಜುಗಳಲ್ಲಿ ಇತಿಹಾಸವನ್ನೂ ವಿಜ್ಞಾನವನ್ನೂ ಬೇರೆ ಬೇರೆ ಕೊಠಡಿಗಳಲ್ಲಿ ಕಲಿಸುತ್ತೇವೆ. ಆದರೆ ಸೋಸುಕಾಗದದಲ್ಲಿ ಧನಾಗ್ರವನ್ನು ಸುತ್ತಿದ ಆ ವಿದ್ವಾಂಸರ ನಡೆಯನ್ನು ಎರಡು ಕೊಠಡಿಗಳಲ್ಲಿಯೂ ಪಾಠವಾಗಿ ಹೇಳಬಹುದು. ಅವರಿಗೆ ಬೇಕಾಗಿದ್ದುದು ಒಂದು ಅಂಕಿ. ಅದನ್ನು ಕೊಡಲು ಎರಡು ವಿದ್ಯುದಗ್ರಗಳೂ ಸಿದ್ಧವಾಗಿದ್ದವು. ಅವುಗಳಲ್ಲಿ ಯಾವುದು ನಂಬಿಕೆಗೆ ಅರ್ಹವೆಂದು ಮೊದಲು ವಿಚಾರಿಸಿ, ಅನಂತರ ತಕ್ಕಡಿಯನ್ನು ಕೈಗೆ ತೆಗೆದುಕೊಂಡರು. ಔಷಧವೆಂದು ಹೇಳಿ ಕೊಡುವ ಯಾವ ನೀರಿನ ವಿಷಯದಲ್ಲಿಯೂ ವಿದ್ಯಾರ್ಥಿಗಳು ಇದೇ ಕ್ರಮವನ್ನು ಅನುಸರಿಸಿ, ಈ ಅಂಕಿಯನ್ನು ಹೇಳಿದವರು ಯಾರು, ಅವರು ಕಂಡುದು ಯಾವುದನ್ನು ಎಂದು ಕೇಳುವ ಅಭ್ಯಾಸವನ್ನು ಬೆಳೆಸಿಕೊಳ್ಳುವುದು ಅವಶ್ಯಕವೆಂದು ನಮ್ಮ ಅಭಿಪ್ರಾಯ.